ರಾಶಿ ರೇಟು, ಚಾಲಿ ರೇಟು, ಚಿಪ್ ರೇಟು

ಹೋದ ವಾರ ಹಿರಿಯರೊಬ್ಬರು ಶಿರಸಿಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು, ಕೌಂಟರ್ ಮೇಲೆ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ಇಟ್ಟರು. ಒಳಗೆ ನಾಲ್ಕು ಹಳೇ ಡಿಡಿಆರ್2 ರ‍್ಯಾಮ್ ಪಟ್ಟಿಗಳು. ಜೊತೆಗೊಂದು ಮಡಚಿದ ಪೇಪರ್ ತುಂಡು: ‘ಮೆಮೊರಿ ಚಿಪ್ ಬೆಲೆ ದುಪ್ಪಟ್ಟು’.

“ತಮಾ, ಡಬಲ್ ಆಜಡ. ಇದಕ್ಕೆ ಈಗ ಎಷ್ಟು ಸಿಕ್ತು?”

ನಗಬಾರದಿತ್ತು, ನಗು ಬಂತು. ತಪ್ಪು ಅವರದ್ದಲ್ಲ. ಆ ಸುದ್ದಿಗೆ ಹಾಕಿದ್ದ ಫೋಟೋನೇ ಪ್ರೊಸೆಸರ್‌ದು; ಅದು ಲೆಕ್ಕ ಮಾಡುವ ಚಿಪ್, ಮೆಮೊರಿಯಲ್ಲ. ಶುರುವಾಗಿದ್ದು ರ‍್ಯಾಮ್‌ನಿಂದ, ಮುಗಿದಿದ್ದು ಪೆನ್‌ಡ್ರೈವ್‌ನಲ್ಲಿ.

ರ‍್ಯಾಮ್ ಪಟ್ಟಿಯಲ್ಲಿರುವುದು ಡಿರ‍್ಯಾಮ್. ಕರೆಂಟ್ ಹೋದರೆ ಎಲ್ಲ ಮರೆತುಬಿಡುತ್ತದೆ. ಪೆನ್‌ಡ್ರೈವ್, ಎಸ್‌ಎಸ್‌ಡಿಯಲ್ಲಿರುವುದು ನ್ಯಾಂಡ್ ಫ್ಲ್ಯಾಶ್. ಅದು ಕರೆಂಟ್ ಇಲ್ಲದಿದ್ದರೂ ನೆನಪಿಟ್ಟುಕೊಳ್ಳುತ್ತದೆ. ಎರಡೂ ಮೆಮೊರಿಯೇ, ಹೌದು. ರಾಶಿ, ಚಾಲಿ ಎರಡೂ ಅಡಿಕೆಯೇ ಅಲ್ವಾ? ಹಾಗಂತ ರಾಶಿ ರೇಟನ್ನು ಚಾಲಿ ಮುಂದೆ ಅಚ್ಚು ಹಾಕಿ ನೋಡಿ. ಬೆಳಿಗ್ಗೆ ಆಸರಿ ಕುಡಿಯುವುದರೊಳಗೆ ಪತ್ರಿಕೆ ಆಫೀಸಿಗೆ ಫೋನ್ ಹೋಗುತ್ತದೆ. ಚಿಪ್ ತಪ್ಪಿಗೆ ಫೋನ್ ಮಾಡುವವರು ಯಾರು?

ಇನ್ನು ಗಿಗಾಬಿಟ್. ಕಾರ್ಖಾನೆಯವರು ಚಿಪ್ಪನ್ನು ಅಳೆಯುವುದು ಗಿಗಾಬಿಟ್‌ನಲ್ಲಿ, ನಾವು ಪಟ್ಟಿ ಮಾರುವುದು ಗಿಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಅಂದರೆ 16 ಗಿಗಾಬಿಟ್ ಚಿಪ್ ಬರೀ 2 ಜಿಬಿ. ಹೊಸ 16 ಜಿಬಿ ಪಟ್ಟಿಯೊಂದನ್ನು ಹಿರಿಯರ ಮುಂದಿಟ್ಟು, ಕಪ್ಪು ಚೌಕ ಎಣಿಸಿ ಅಂದೆ. ಉಗುರಿನಿಂದ ಒಂದೊಂದೇ ಮುಟ್ಟುತ್ತಾ ಎಣಿಸಿದರು. ಎಂಟು. ಎಂಟೆರಡ್ಲೆ ಹದಿನಾರು. ಪೇಪರ್‌ನಲ್ಲಿ ಮಾತ್ರ ಒಂದೇ ಚಿಪ್ 16 ಜಿಬಿ ಆಗಿ ಕೂತಿತ್ತು! ತೂಕದಲ್ಲಿ ಎಂಟು ಪಟ್ಟು ತಪ್ಪಿದರೆ ನಮ್ಮ ಪೇಟೆಯಲ್ಲಿ ಸುಮ್ನೆ ಬಿಡುತ್ತಾರಾ?

‘ದುಪ್ಪಟ್ಟು’ ಕಥೆಯೂ ಅಷ್ಟೇ. ಜಗತ್ತಿನ ಡಿರ‍್ಯಾಮ್‌ನಲ್ಲಿ ಬಹುಪಾಲು ಮಾಡುವವರು ಮೂವರೇ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಜಾಸ್ತಿ ಮಾಲು ದೊಡ್ಡ ಕಂಪನಿಗಳಿಗೆ ಮೊದಲೇ ಮಾತಾಡಿಕೊಂಡ ಕರಾರು ದರದಲ್ಲಿ ಹೋಗುತ್ತದೆ. ಉಳಿದ ಸ್ವಲ್ಪ ಮಾಲು ಸ್ಪಾಟ್ ಮಾರುಕಟ್ಟೆಯಲ್ಲಿ ದಿನಾ ಏರಿಳಿಯುತ್ತದೆ. ಕರಾರು ದರವೂ ಏರುತ್ತದೆ, ಇಲ್ಲವೆಂದಲ್ಲ. ಆದರೆ ತಲೆಬರಹಕ್ಕೆ ರುಚಿಸುವುದು ಸ್ಪಾಟ್ ದರದ ಕುಣಿತ. ಯಾರದೋ ಒಂದು ಅಡಿಕೆ ಲಾಟಿಗೆ ಬಿದ್ದ ಗರಿಷ್ಠ ದರ ನೋಡಿ ಮನೆ ಕಟ್ಟಲು ಹೊರಡುವ ಬೆಳೆಗಾರ ಇಲ್ಲಿಲ್ಲ. ಅವನು ಸರಾಸರಿ ಕೇಳುತ್ತಾನೆ.

2019ರ ಜೂನ್‌ನಲ್ಲಿ ಜಪಾನಿನ ಯೊಕ್ಕೈಚಿಯ ಫ್ಲ್ಯಾಶ್ ಕಾರ್ಖಾನೆಗಳಿಗೆ 13 ನಿಮಿಷ ಕರೆಂಟ್ ಇರಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ 13 ನಿಮಿಷ ಹೋದರೆ ಅದನ್ನು ಹೋಯಿತು ಅಂತಲೇ ಲೆಕ್ಕ ಇಡುವುದಿಲ್ಲ. ಅಲ್ಲಿ ಅರ್ಧ ಕೆಲಸವಾಗಿದ್ದ ವೇಫರ್‌ಗಳು, ಅಂದರೆ ಚಿಪ್ ಮೂಡಿಸುವ ಸಿಲಿಕಾನ್ ಬಿಲ್ಲೆಗಳು, ಹಾಳಾದವು. ಆ ಕಾರ್ಖಾನೆಗಳ ಪಾಲುದಾರ ವೆಸ್ಟರ್ನ್ ಡಿಜಿಟಲ್ ತನಗೆ ಸುಮಾರು 6 ಎಕ್ಸಾಬೈಟ್ (600 ಕೋಟಿ ಜಿಬಿ) ಮಾಲು ಕೈತಪ್ಪುತ್ತದೆ ಅಂದಿತು. ನನ್ನ ಅಂಗಡಿಗೆ ಗಿರಾಕಿಗಳು ಓಡಿಬಂದಿದ್ದು ರ‍್ಯಾಮ್ ದುಬಾರಿಯಾಗುತ್ತದೆ ಅಂತ!

ಗುಜರಾತಿನ ಸಾನಂದ್‌ನ ಚಿಪ್ ಘಟಕದ ಸುದ್ದಿಯೂ ಹಾಗೆಯೇ. 2023ರಲ್ಲಿ ಮೈಕ್ರಾನ್ 275 ಕೋಟಿ ಡಾಲರ್ ಹಾಕುತ್ತದೆ ಅಂತ ಓದಿದ್ದೆವು. ಅದರಲ್ಲಿ ಅವರದ್ದು ಹೆಚ್ಚೆಂದರೆ 82.5 ಕೋಟಿ. ಉಳಿದದ್ದು ಕೇಂದ್ರ, ರಾಜ್ಯ ಸರ್ಕಾರಗಳ ಪಾಲು. ಕೆಲಸವೂ ಜೋಡಣೆ, ಪರೀಕ್ಷೆ. ವೇಫರ್ ಹೊರಗಿಂದ ಬರಬೇಕು.

ಡಿಡಿಆರ್2 ಈಗಿನ ಬೋರ್ಡ್‌ಗೆ ಕೂರುವುದೇ ಇಲ್ಲ ಅಂತ ಹೇಳಿ ಕೊಟ್ಟೆ ವಾಪಸ್ ಕೊಟ್ಟೆ. ಹಿರಿಯರು ಪೇಪರ್ ತುಂಡನ್ನು ತಿರುಗಿಸಿದರು. ಹಿಂದೆ ಅಡಿಕೆ ಧಾರಣೆ ಇತ್ತು. ಕನ್ನಡಕ ಏರಿಸಿ ಸಾಲು ಸಾಲು ನೋಡಿದರು.

“ಇದು ಸಮ ಇದ್ದು” ಅಂದು ಜೇಬಿಗೆ ಹಾಕಿಕೊಂಡರು.