ಕಾಂಕ್ರೀಟು ಹಾಕುವ ಮೊದಲು ಬಂಡೆಯನ್ನು ಓದಬೇಕು

ಪರಮಾಣು ವಿದ್ಯುತ್ ಸ್ಥಾವರದ ಅಡಿಪಾಯವನ್ನು ಪರಿಶೀಲಿಸುವ ಭೂವಿಜ್ಞಾನಿಗೆ, ಬಂಡೆ ಭಾರ ಹೊರುತ್ತದೆಯೇ ಎಂಬುದು ಅಷ್ಟೇನೂ ಕಠಿಣವಾದ ಪ್ರಶ್ನೆಯಲ್ಲ. ಶಿಥಿಲವಾಗದ ಗ್ರಾನೈಟು ರಿಯಾಕ್ಟರ್ ಕಟ್ಟಡವನ್ನು ನಿರಾಯಾಸವಾಗಿ ಹೊರುತ್ತದೆ. ಆ ಬಂಡೆಯನ್ನು ಸೀಳಿರುವ ಸ್ತರಭಂಗ (ಎರಡು ಪಕ್ಕದ ಬಂಡೆ ಒಂದಕ್ಕೊಂದು ಸರಿದಿರುವ ಬಿರುಕು) ಇದೆಯೇ, ಇದ್ದರೆ ಅದು ಕೊನೆಯ ಸಲ ಸರಿದದ್ದು ಯಾವಾಗ ಎಂಬುದೇ ನಿಜವಾದ ಪ್ರಶ್ನೆ. ನೆಲದ ನಡುಕವನ್ನು ತಾಳುವಂತೆ ಕಟ್ಟಡವನ್ನು ವಿನ್ಯಾಸ ಮಾಡಬಹುದು, ಆದರೆ ಅಡಿಪಾಯದ ಒಂದು ಪಕ್ಕ ಮೇಲೆದ್ದು ಇನ್ನೊಂದು ಪಕ್ಕ ಕುಸಿದರೆ ಯಾವ ವಿನ್ಯಾಸವನ್ನೂ ನೆಚ್ಚಿಕೊಳ್ಳುವಂತಿಲ್ಲ.

ಕೊರೆದು ತೆಗೆದ ಉರುಳೆಯಾಕಾರದ ಬಂಡೆಯ ಮಾದರಿಯಾದ ಕೋರ್‌ನಲ್ಲಿ 10 ಸೆಂ.ಮೀ.ಗಿಂತ ಉದ್ದವಾದ ತುಂಡುಗಳ ಪಾಲು ಎಷ್ಟೆಂದು ಲೆಕ್ಕ ಹಾಕಿ ಬಂಡೆಯ ಗುಣಮಟ್ಟವನ್ನು ಹೇಳುವುದು ವಾಡಿಕೆ. ಉಪಯುಕ್ತವಾದ ಲೆಕ್ಕವೇ ಅದು. ಆದರೆ ನೇರವಾಗಿ ಕೆಳಗಿಳಿಯುವ ಕೊರೆತಕ್ಕೆ ನೆಟ್ಟಗೆ ನಿಂತಿರುವ ಬಿರುಕು ಸಿಗದೇ ಹೋಗುವ ಸಾಧ್ಯತೆಯೇ ಹೆಚ್ಚು. ನಮ್ಮ ಕರ್ನಾಟಕದ ಬಂಡೆಗಳನ್ನು ಗೋಡೆಗಳಂತೆ ಸೀಳಿ ನಿಂತಿರುವ, ಬಿರುಕುಗಳಲ್ಲಿ ಶಿಲಾರಸ ಹೊಕ್ಕು ಗಟ್ಟಿಯಾದ ಡಾಲರೈಟ್ ಡೈಕ್‌ಗಳೂ ಹೀಗೆಯೇ ಎರಡು ಕೊರೆತಗಳ ನಡುವೆ ಕಣ್ಣಿಗೆ ಬೀಳದೆ ಉಳಿದುಬಿಡಬಲ್ಲವು. ಆದ್ದರಿಂದಲೇ ಕೆಲವು ಕೊರೆತಗಳನ್ನಾದರೂ ಓರೆಯಾಗಿ ಇಳಿಸಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ಅಷ್ಟಾದರೂ ಕೊನೆಯ ಮಾತು ಅಗೆದ ಗುಂಡಿಯದೇ. ಕ್ಯಾಲಿಫೋರ್ನಿಯಾದ ಬೊಡೆಗಾ ಹೆಡ್‌ನಲ್ಲಿ, ಸ್ಯಾನ್ ಆಂಡ್ರಿಯಾಸ್ ಸ್ತರಭಂಗ ವಲಯದ ಅಂಚಿನಿಂದ ಕೇವಲ 300 ಮೀಟರಿನಷ್ಟು ದೂರದಲ್ಲಿ ರಿಯಾಕ್ಟರಿಗೆಂದು ಗುಂಡಿ ತೋಡಿದಾಗ, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ತಜ್ಞರು ಅದರೊಳಗೇ ಒಂದು ಸ್ತರಭಂಗವನ್ನು ಗುರುತಿಸಿದರು. ಅದು ಬಂಡೆಯನ್ನಷ್ಟೇ ಅಲ್ಲದೆ, ಬಂಡೆಯ ಮೇಲೆ ಆಮೇಲೆ ಶೇಖರವಾದ ಎಳೆಯ ಮಣ್ಣಿನ ಪದರಗಳನ್ನೂ ಸರಿಸಿತ್ತು. ಮೇಲಿನ ಪದರ ಮುರಿದಿದ್ದರೆ, ಚಲನೆ ಆ ಪದರ ಹುಟ್ಟಿದ ನಂತರದ್ದು: ವಯಸ್ಸನ್ನು ಅಳೆಯಲು ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಡ. 1964ರಲ್ಲಿ ಯೋಜನೆಯನ್ನೇ ಕೈಬಿಟ್ಟರು; ಆ ಗುಂಡಿ ಇಂದು ಕೊಳ.

ಕಟ್ಟಿದ ಮೇಲೆ ಇದೇ ಪ್ರಶ್ನೆ ಎದ್ದರೆ ಎಷ್ಟು ಕಷ್ಟವೆಂಬುದನ್ನು ಜಪಾನಿನ ತ್ಸುರುಗಾದಲ್ಲಿ ಕಾಣಬಹುದು. 1987ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದ ಅಲ್ಲಿನ 2ನೇ ಘಟಕದ ಕೆಳಗೆ ಸಕ್ರಿಯ ಸ್ತರಭಂಗ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು, 2024ರಲ್ಲಿ ನಿಯಂತ್ರಣ ಪ್ರಾಧಿಕಾರವು ಮರುಚಾಲನೆಗೆ ಅನುಮತಿ ನಿರಾಕರಿಸಿತು. ಕಟ್ಟಡದ ಬುಡವನ್ನು ಇನ್ನು ಅಗೆದು ನೋಡುವಂತಿಲ್ಲ.

ಹಾಗಾಗಿ ಗುಂಡಿಯ ತಳವನ್ನು ನೀರು ಮತ್ತು ಗಾಳಿಯ ಒತ್ತಡದಿಂದ ತೊಳೆದು, ಚೌಕಗಳನ್ನಾಗಿ ವಿಂಗಡಿಸಿ, ಪ್ರತಿ ಬಿರುಕಿನ ದಿಕ್ಕು, ಓರೆ, ಅದರೊಳಗೆ ತುಂಬಿರುವ ಜೇಡಿ, ಎಲ್ಲವನ್ನೂ ನಕ್ಷೆಗಿಳಿಸಿ ಭೂವಿಜ್ಞಾನಿ ಸಹಿ ಹಾಕುವವರೆಗೆ ಪಿಸಿಸಿ, ಅಂದರೆ ಅಡಿಪಾಯದ ತಳಕ್ಕೆ ಮೊದಲು ಹಾಕುವ ಕಬ್ಬಿಣವಿಲ್ಲದ ಕಾಂಕ್ರೀಟು, ಸುರಿಯಬಾರದು. ಗುತ್ತಿಗೆದಾರರ ವೇಳಾಪಟ್ಟಿಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ದಿನಗಳನ್ನು ಆರಂಭದಲ್ಲಿಯೇ ಬರೆದಿಡಬೇಕು.