ಮೂಲಭೂತ ಹಕ್ಕುಗಳನ್ನು ತಿದ್ದಲು ಬರುವುದೇ ಇಲ್ಲವೇ?

ಪ್ರಶ್ನೆ: ಸಂವಿಧಾನದ ತಿದ್ದುಪಡಿ ಹೇಗೆ ಕಾನೂನಾಗುತ್ತದೆ? ಏನನ್ನು ತಿದ್ದಿದರೂ ಮೂಲಭೂತ ಹಕ್ಕುಗಳನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ ಎನ್ನುತ್ತಾರೆ, ನಿಜವೇ ಸಾರ್?
(ಪಿಡಿಒ ಪರೀಕ್ಷೆಯ ಅಭ್ಯರ್ಥಿ, ಮಧುಗಿರಿ)

ಉತ್ತರ: ನೇಮಕಾತಿ ಅಧಿಸೂಚನೆ ಹೊರಟಾಗಲೆಲ್ಲ ಪಾವಗಡದಿಂದ ಕುಣಿಗಲ್‌ವರೆಗಿನ ಅಭ್ಯರ್ಥಿಗಳಿಂದ ಇದೇ ಪ್ರಶ್ನೆ ಬರುತ್ತದೆ. ಅದರ ಮೊದಲರ್ಧಕ್ಕೆ ಉತ್ತರ ಚಿಕ್ಕದು. 368ನೇ ವಿಧಿಯ ಪ್ರಕಾರ ತಿದ್ದುಪಡಿ ಮಸೂದೆಯನ್ನು ಸಂಸತ್ತಿನ ಯಾವ ಸದನದಲ್ಲಾದರೂ ಮಂಡಿಸಬಹುದು; ಆದರೆ ಎರಡೂ ಸದನಗಳಲ್ಲಿ ಪ್ರತ್ಯೇಕವಾಗಿ, ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮಂದಿ ಹಾಗೂ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡಕ್ಕೆ ಕಡಿಮೆಯಾಗದಷ್ಟು ಮಂದಿ ಅದನ್ನು ಒಪ್ಪಬೇಕು. ಜಂಟಿ ಅಧಿವೇಶನದ ಅನುಕೂಲ ಇಲ್ಲಿಲ್ಲ. 1971ರ 24ನೇ ತಿದ್ದುಪಡಿಯ ನಂತರ ರಾಷ್ಟ್ರಪತಿಗಳು ಅಂಕಿತ ಹಾಕಲೇಬೇಕು.

ಇನ್ನು ಉಳಿದರ್ಧ. ಎಷ್ಟು ಸಲ ಅಳಿಸಿದರೂ ಮತ್ತೆ ಮೂಡುವ ಈ ನಂಬಿಕೆ ಪೂರ್ತಿ ತಪ್ಪು. ಸಂವಿಧಾನದ ಮೊದಲನೆಯ ತಿದ್ದುಪಡಿಯೇ, ಅದೂ 1951ರಲ್ಲಿ, ಮೂಲಭೂತ ಹಕ್ಕುಗಳ ಭಾಗಕ್ಕೆ ಕೈಹಾಕಿ, ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ವಿಸ್ತರಿಸಿತು ಮತ್ತು ಹಿಂದುಳಿದ ವರ್ಗಗಳಿಗೆ ವಿಶೇಷ ಸೌಲಭ್ಯ ನೀಡುವ 15(4)ನ್ನು ಸೇರಿಸಿತು. 1978ರ 44ನೇ ತಿದ್ದುಪಡಿ ಆಸ್ತಿಯ ಹಕ್ಕನ್ನು ಆ ಭಾಗದಿಂದಲೇ ತೆಗೆದು 300ಎ ವಿಧಿಗೆ ಸಾಗಿಸಿತು. ನಮ್ಮ ವಸಂತನರಸಾಪುರದ ಕಡೆ ಕೈಗಾರಿಕೆಗೆ ಜಮೀನು ಕಳೆದುಕೊಂಡವರು ಅದೇ ಕಾರಣಕ್ಕೆ, ಮೂಲಭೂತ ಹಕ್ಕುಗಳ ರಕ್ಷಣೆಗಷ್ಟೇ ಇರುವ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾಗದೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕಾಗುತ್ತದೆ. ಇನ್ನೂ ಸೋಜಿಗವೆಂದರೆ, ಹೈಕೋರ್ಟಿನ ಅಧಿಕಾರವನ್ನು ತಿದ್ದಲು ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳ ಅನುಮೋದನೆ ಬೇಕು. 19ನೇ ವಿಧಿಯ ಸ್ವಾತಂತ್ರ್ಯಗಳನ್ನು ತಿದ್ದಲು ಅದು ಬೇಡ. ತರಗತಿಯಲ್ಲಿ ಇದನ್ನು ಕೇಳಿದವರು ನಂಬದೆ ಪುಸ್ತಕ ತೆರೆಯುತ್ತಾರೆ, ತೆರೆಯಲೆಂದೇ ನನ್ನ ಆಸೆ.

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. 1967ರ ಗೋಲಕನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹನ್ನೊಂದರಲ್ಲಿ ಆರು ನ್ಯಾಯಮೂರ್ತಿಗಳ ಬಹುಮತದಿಂದ, ಸಂಸತ್ತು ಈ ಹಕ್ಕುಗಳನ್ನು ಮೊಟಕುಗೊಳಿಸಲಾಗದು ಎಂದೇ ಹೇಳಿತ್ತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು, ಹದಿಮೂರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಬದಿಗೊತ್ತಿತು. ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂದು ಏಳು ಮಂದಿ ಬರೆದರು. ಆ ಏಳು ಮಂದಿಯಲ್ಲಿ ನಮ್ಮವರೇ ಆದ ಕೆ.ಎಸ್. ಹೆಗ್ಡೆ ಒಬ್ಬರು. ಹಕ್ಕಿನ ಮಾತು ತಿದ್ದಬಹುದು, ಅದರ ತಿರುಳನ್ನು ತೆಗೆದರೆ ನ್ಯಾಯಾಲಯ ತಡೆಯುತ್ತದೆ ಎಂದು ಇದನ್ನು ಓದಿಕೊಳ್ಳಿ. ತಿದ್ದುಪಡಿಯೆಂದರೆ ಹಕ್ಕಿಗೆ ಕುತ್ತೆಂದೂ ತಿಳಿಯಬೇಡಿ: ಆಸ್ತಿಯ ಹಕ್ಕನ್ನು ತೆಗೆದ ಅದೇ 44ನೇ ತಿದ್ದುಪಡಿ, ತುರ್ತುಪರಿಸ್ಥಿತಿಯಲ್ಲೂ 20 (ಅಪರಾಧಕ್ಕೆ ಶಿಕ್ಷೆ ವಿಧಿಸುವಾಗಿನ ರಕ್ಷಣೆ) ಮತ್ತು 21ನೇ (ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯ) ವಿಧಿಗಳನ್ನು ಅಮಾನತಿನಲ್ಲಿಡದಂತೆ ಕಾವಲು ಹಾಕಿತು.

ನೀವು ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಅಂಕಿತ ಬಿದ್ದ ಮಾತ್ರಕ್ಕೆ ತಿದ್ದುಪಡಿ ಜಾರಿಗೆ ಬಂದಿತೆಂದು ಬಹುಮಂದಿ ಭಾವಿಸುತ್ತಾರೆ. ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಟ್ಟ 86ನೇ ತಿದ್ದುಪಡಿ 2002ರದ್ದು. ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಅಭಿಪ್ರಾಯ ಪಡೆಯದೆ ಒಬ್ಬನನ್ನು ಮುನ್ನೆಚ್ಚರಿಕೆಯ ಬಂಧನದಲ್ಲಿಡುವ ಅವಧಿಯನ್ನು ಮೂರು ತಿಂಗಳಿಂದ ಎರಡಕ್ಕೆ ಇಳಿಸುವ 44ನೇ ತಿದ್ದುಪಡಿಯ 3ನೇ ಕಲಮನ್ನಂತೂ ಜಾರಿಗೊಳಿಸುವ ಅಧಿಸೂಚನೆಯನ್ನು ಇದುವರೆಗೆ ಯಾವ ಕೇಂದ್ರ ಸರ್ಕಾರವೂ ಹೊರಡಿಸಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಕೇಳಿದರೆ ಮೂರು ತಿಂಗಳೆಂದೇ ಬರೆಯಿರಿ.