1933 ಎಂದು ಬರೆದರೆ ಸಾಲದು

ಪ್ರಬಂಧ ತಿದ್ದುವಾಗ ಪದೇ ಪದೇ ಕಣ್ಣಿಗೆ ಬೀಳುವ ಕೊರತೆ ಒಂದೇ: ವಾದ ಇರುತ್ತದೆ, ಪುರಾವೆಯೂ ಇರುತ್ತದೆ, ಎರಡನ್ನೂ ಬೆಸೆಯುವ ಮಾತು ಇರುವುದಿಲ್ಲ.

ನಮ್ಮ ಮಂಡ್ಯವನ್ನೇ ತೆಗೆದುಕೊಳ್ಳಿ. ‘ಮಂಡ್ಯದಲ್ಲಿ ಕಬ್ಬು ಬೆಳೆಯುತ್ತಾರೆ’ ಎಂಬುದು ವಾದವಲ್ಲ, ಅದಕ್ಕೆ ಯಾರೂ ಎದುರಾಡುವುದಿಲ್ಲ. ‘ಮಂಡ್ಯ ಸಕ್ಕರೆ ನಾಡಾದದ್ದು ಕನ್ನಂಬಾಡಿ ಕಟ್ಟೆಯಿಂದ’ ಎನ್ನಿ, ‘ಅದು ಹೇಗೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ಯಾರಾದ ಮೊದಲ ವಾಕ್ಯ ಇಂಥದ್ದಿರಬೇಕು.

ಪುರಾವೆಗೆ ಎರಡು ವಾಕ್ಯ ಸಾಕು. ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, ಅದರ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಬಯಲಿಗೆ ನೀರು ತಂದಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂದು ಇಲ್ಲಿ ಸೇರಿಸಬೇಡಿ. ಅಂಕಿ ಸರಿಯೇ, ಆದರೆ ಕಬ್ಬಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಬಹಳ ಮಂದಿ ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ನಾಲೆ ಮೊದಲು ಬಂತು, ಕಂಪನಿ ಆಮೇಲೆ ಬಂತು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಿಬಿಡುತ್ತದೆಯೇ? ಕಾರಣ ಏನೆಂದು ಬರೆಯುವವರೇ ಬಿಡಿಸಿ ಹೇಳಬೇಕು: ರಾಗಿ ಮಳೆ ನಂಬಿ ಬರುವ ಬೆಳೆ, ಕಬ್ಬು ಹೆಚ್ಚುಕಡಿಮೆ ವರ್ಷವಿಡೀ ಹೊಲದಲ್ಲಿರುತ್ತದೆ, ಬೇಸಿಗೆಯಲ್ಲೂ ನೀರು ಕೇಳುತ್ತದೆ. ಕಾರ್ಖಾನೆಗೋ ಒಂದು ವರ್ಷದ ಕಬ್ಬು ಸಾಲದು, ಪ್ರತಿ ವರ್ಷ ಬೇಕು. ಆ ಭರವಸೆ ಮಳೆ ಕೊಡಲಾರದು, ನಾಲೆ ಕೊಡಬಲ್ಲದು. ಪುರಾವೆಗೆ ಎರಡು ವಾಕ್ಯ ಕೊಟ್ಟರೆ ಈ ವಿವರಣೆಗೆ ಮೂರೋ ನಾಲ್ಕೋ ಕೊಡಿ. ಪ್ಯಾರಾದ ಜೀವ ಇರುವುದೇ ಇಲ್ಲಿ.

ಇನ್ನು ಎದುರು ಪುರಾವೆ. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ 19ನೇ ಶತಮಾನದಲ್ಲೇ ಸಕ್ಕರೆ ಕಾರ್ಖಾನೆಯಿತ್ತು, ಕನ್ನಂಬಾಡಿ ಕಟ್ಟೆಗೂ ಎಷ್ಟೋ ಮೊದಲು. ಅಂಕ ಹೋದೀತೆಂದು ಇದನ್ನು ಮುಚ್ಚಿಡುವವರುಂಟು. ಮುಚ್ಚಿಡಬೇಡಿ, ಅದನ್ನೂ ವಿವರಿಸಿ. ಪಾಲಹಳ್ಳಿ ಕಾವೇರಿಯ ಹಳೆಯ ನಾಲೆಗಳ ಸೀಮೆ. ಹಾಗಾದರೆ ಕಬ್ಬು ಅಲ್ಲೂ ನಾಲೆ ನೀರನ್ನೇ ಹಿಡಿದು ಬಂದದ್ದು. ಕನ್ನಂಬಾಡಿ ಮಾಡಿದ್ದು ಆ ನೀರನ್ನು ಮಂಡ್ಯದ ಒಣ ಬಯಲಿಗೂ ಹಬ್ಬಿಸಿದ್ದು. ಮೊದಲು ಬರೆದ ವಾಕ್ಯ ಈಗ ಸ್ವಲ್ಪ ಒರಟೆನಿಸುತ್ತದೆ, ಹೊಡೆದುಹಾಕಿ. ‘ಕಬ್ಬು ಕಾವೇರಿಯ ಹಳೆಯ ನಾಲೆಗಳ ಅಂಚಿನಲ್ಲಿತ್ತು, ಅದನ್ನು ಮಂಡ್ಯದ ಬಯಲಿಗೆ ಹರಡಿದ್ದು ಕನ್ನಂಬಾಡಿಯ ನಾಲೆ’ ಎಂದು ತಿದ್ದಿ ಬರೆಯಿರಿ.